ಹೊಗಳುವವರು ಮತ್ತು ಕೊಳ್ಳುವವರು

ಶೇಕಡಾ ಲೆಕ್ಕಗಳನ್ನು ಕಲಿಸುವಾಗ ಪುಸ್ತಕದೊಳಗಿನ ಉದಾಹರಣೆಗಳು ಸಾಲುವುದಿಲ್ಲವೆಂಬುದು ಗಣಿತದ ಮಾಸ್ತರರೆಲ್ಲರ ಅನುಭವ. ಪುಸ್ತಕದ ವ್ಯಾಪಾರಿಯು ಎಂದೆಂದಿಗೂ ಕುರ್ಚಿಗಳನ್ನೇ ಮಾರುತ್ತಾನೆ. ಲಾಭವಾದರೆ ಶೇಕಡಾ ಹತ್ತು, ಹಾನಿಯಾದರೆ ಶೇಕಡಾ ಐದು. ಮಳೆಯಿಲ್ಲದ ವರ್ಷ ದಾಳಿಂಬೆಯ ಗಿಡಗಳಿಗೆ ಟ್ಯಾಂಕರಿನ ನೀರು ಹಾಕಿಸಿದ ಜತ್ತ ತಾಲೂಕಿನ ರೈತರ ಮಕ್ಕಳು ಆ ಕುರ್ಚಿಯವನ ಹಾನಿಗೆ ಮರುಗುವುದಾದರೂ ಹೇಗೆ? ಆದುದರಿಂದ ನಾನು ಆಗೀಗ ವರ್ತಮಾನಪತ್ರದೊಳಗಿನ ಅಂಕಿಗಳನ್ನು ಹಲಗೆಯ ಮೇಲೆ ಬರೆಯುವ ರೂಢಿ ಮಾಡಿಕೊಂಡಿದ್ದೇನೆ. ೨೦೨೫ರ ಆರಂಭದಲ್ಲಿ ಒಂದು ದಿನ ಒಂಬತ್ತನೆಯ ವರ್ಗದಲ್ಲಿ ಹೀಗೆ ಬರೆದ ಲೆಕ್ಕವೊಂದು ನನ್ನ ಮನೆಯ ಬಾಗಿಲಿಗೇ ಬಂದು ನಿಂತುದರ ಕಥೆ ಇದು.

ಲೆಕ್ಕ ಇಷ್ಟೇ: ಅಮೇರಿಕೆಯ ಫೋರ್ಡ್ ಕಂಪನಿಯು ಮಸ್ಟ್ಯಾಂಗ್ ಎಂಬ ತನ್ನ ಹೆಸರಾದ ಸ್ಪೋರ್ಟ್ಸ್ ಕಾರಿಗೆ ಹೊಸ ರೂಪ ಕೊಟ್ಟು ೨೦೨೩ರಲ್ಲಿ ಮಾರಾಟಕ್ಕೆ ತಂದಿತು. ಆ ವರ್ಷ ಆ ದೇಶದಲ್ಲಿ ಖಪಾದ ಮಸ್ಟ್ಯಾಂಗ್ ಕಾರುಗಳು ೪೮,೬೦೫. ಹೊಸ ರೂಪದ ಕಾರೇ ವರ್ಷವಿಡೀ ಅಂಗಡಿಯಲ್ಲಿದ್ದ ೨೦೨೪ರಲ್ಲಿ ಖಪಾದುವು ೪೪,೦೦೩. ಹಾಗಾದರೆ ಇಳಿತವು ಶೇಕಡಾ ಎಷ್ಟು? ಮುಂದಿನ ಸಾಲಿನ ಹುಡುಗಿಯೊಬ್ಬಳು ೪,೬೦೨ನ್ನು ಭಾಗಿಸಿ, ಒಂಬತ್ತೂವರೆಗೆ ತುಸು ಕಡಿಮೆಯೆಂದು ಸರಿಯಾಗಿಯೇ ಹೇಳಿದಳು. ನಾನು ಹಲಗೆಯನ್ನು ಒರೆಸಲು ಕೈಯೆತ್ತಿದ್ದೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ನಿಂತ.

“ಸರ, ಹೊಸಾದು ಮಾಡಿದ ಮ್ಯಾಲ ಹೆಚ್ಚಿಗಿ ಖಪಬೇಕಲ್ರೀ? ಕಡಿಮಿ ಯಾಕ ಆತ್ರೀ?”

“ಅದು ಅರ್ಥಶಾಸ್ತ್ರದ ಪ್ರಶ್ನೆ. ನೀನು ಮುಂದಿನ ಲೆಕ್ಕ ಬರಕೊ,” ಎಂದೆ. ಮಾಸ್ತರನಿಗೆ ಉತ್ತರ ಹೊಳೆಯದಿದ್ದಾಗ ಪ್ರಶ್ನೆಯು ಬೇರೊಂದು ಶಾಸ್ತ್ರಕ್ಕೆ ಸೇರಿದುದಾಗುತ್ತದೆ. ವಾಚಕರಲ್ಲಿ ಮಾಸ್ತರರಾದವರು ಇದನ್ನು ಬಲ್ಲರು. ಹುಡುಗ ಕುಳಿತ. ಆದರೆ ಅವನ ಮುಖದ ಮೇಲೆ ಪ್ರಶ್ನೆಯು ನಿಂತೇ ಇದ್ದಿತು.

ಸಂಜೆ ಮನೆಗೆ ಬಂದು ಕೈಕಾಲು ತೊಳೆಯುವಾಗ ಬೇವಿನ ಗಿಡದ ಕೆಳಗಿನ ಪತ್ರಾದ ಚಪ್ಪರದ ಕಡೆಗೆ ಕಣ್ಣು ಹೋಯಿತು. ಅಲ್ಲಿ ತಾಡಪತ್ರಿಯ ಹೊದಿಕೆಯಡಿ ನಮ್ಮ ತಂದೆಯವರ ಯೆಜ್ಡಿ ರೋಡ್‌ಕಿಂಗ್ ನಿಂತಿದೆ. ಹುಡುಗನು ಕೇಳಿದ ಪ್ರಶ್ನೆಗೆ ಉತ್ತರ ಅಮೇರಿಕೆಯಲ್ಲಿಲ್ಲ, ನಮ್ಮ ಅಂಗಳದಲ್ಲಿಯೇ ಇದೆ ಎಂಬುದು ಆ ಕ್ಷಣಕ್ಕೆ ಹೊಳೆಯಿತು. ಹೊಳೆದುದಕ್ಕೆ ಸಂತೋಷವಾಗಲಿಲ್ಲ.

ಇಂದಿನ ಹುಡುಗರಿಗೆ ಆ ಗಾಡಿಯ ಪೂರ್ವೋತ್ತರಗಳು ತಿಳಿದಿರಲಿಕ್ಕಿಲ್ಲ. ಮೈಸೂರಿನ ಯಾದವಗಿರಿಯಲ್ಲಿ ಇರಾನಿ ಮನೆತನದವರು ಐಡಿಯಲ್ ಜಾವಾ ಎಂಬ ಕಾರ್ಖಾನೆಯನ್ನು ಕಟ್ಟಿ, ೧೯೬೦ರ ದಶಕದ ಮೊದಲಿಗೆ ಚೆಕೊಸ್ಲೊವಾಕಿಯಾದ ಜಾವಾ ಮೋಟಾರ್ ಸೈಕಲ್ಲನ್ನು ಅಲ್ಲಿ ತಯಾರಿಸತೊಡಗಿದರು. ಜಾವಾ ಎಂಬುದು ನಡುಗಡ್ಡೆಯ ಹೆಸರಲ್ಲ. ಯಾನೆಚೆಕ್ ಎಂಬ ಸಂಸ್ಥಾಪಕನ ಹೆಸರಿನ ಮೊದಲಕ್ಷರಗಳನ್ನೂ ವಾಂಡರರ್ ಎಂಬ ಗಾಡಿಯ ಹೆಸರಿನ ಮೊದಲಕ್ಷರಗಳನ್ನೂ ಕೂಡಿಸಿ ಮಾಡಿದ ಸಂಧಿಯದು. ೧೯೭೩ರಲ್ಲಿ ಆ ಹೆಸರು ಹೋಗಿ ಯೆಜ್ಡಿ ಎಂಬುದು ಬಂದಿತು. ಅದು ಇರಾಣದ ಯಜ್ದ್ ಪಟ್ಟಣದಿಂದ ಬಂದ ಹೆಸರು. ಸಿಲಿಂಡರು ಒಂದೇ, ಹೊಗೆಯ ನಳಿಗೆಗಳು ಮಾತ್ರ ಎರಡು. ಗೇರು ಹಾಕುವ ಕಡ್ಡಿಯನ್ನೇ ಒಳಕ್ಕೊತ್ತಿ ಮೇಲೆತ್ತಿದರೆ ಅದೇ ಕಿಕ್ಕು ಆಗುತ್ತಿತ್ತು. ೧೯೭೮ರಲ್ಲಿ ಇದೇ ಗಾಡಿಯನ್ನು ಓಟದ ಸ್ಪರ್ಧೆಯ ಗಾಡಿಗಳ ಮಾದರಿಯ ಮೇಲೆ ತಿದ್ದಿ, ಹದಿನಾರು ಕುದುರೆಗಳ ಬಲವನ್ನು ಕೊಟ್ಟು, ರೋಡ್‌ಕಿಂಗ್ ಎಂದು ಕರೆದರು. ಸ್ಪೋರ್ಟ್ಸ್ ಕಾರಿನ ಮೋಹವು ಅಮೇರಿಕೆಯ ತರುಣರಿಗೆ ಏನಾಗಿತ್ತೋ ನಮ್ಮ ಕಡೆಯ ತರುಣರಿಗೆ ರೋಡ್‌ಕಿಂಗ್ ಅದೇ ಆಗಿದ್ದಿತು. ಎರಡೂ ಜೋಳದ ಚೀಲ ಹೊರುವುದಕ್ಕಾಗಿ ಹುಟ್ಟಿದುವಲ್ಲ.

ತಂದೆಯವರು ಪ್ರಾಥಮಿಕ ಶಾಲೆಯ ಕನ್ನಡ ಮಾಸ್ತರರು. ೧೯೮೪ರಲ್ಲಿ, ಎಮ್ಮೆಯೊಂದನ್ನು ಮಾರಿ, ಸೊಸಾಯಟಿಯ ಸಾಲವನ್ನೂ ಮಾಡಿ, ಆ ಗಾಡಿಯನ್ನು ಕೊಂಡರು. ಅವ್ವ ಎಮ್ಮೆಯ ಗೂಟವನ್ನು ಬಹಳ ದಿನ ಕೀಳಗೊಡಲಿಲ್ಲ. ಗಾಡಿಯ ಸಪ್ಪಳವು ಸಂಖದ ಹಾದಿಯ ತಿರುವಿನಲ್ಲಿದ್ದಾಗಲೇ ನಮಗೆ ಕೇಳುತ್ತಿತ್ತು. ನಾನೂ ತಂಗಿಯೂ ಪುಸ್ತಕ ತೆರೆದು ಕೂಡುತ್ತಿದ್ದೆವು. ಗುಡ್ಡಾಪುರದ ದಾನಮ್ಮನ ಜಾತ್ರೆಗೆ ನಾವು ನಾಲ್ವರೂ ಅದರ ಮೇಲೆಯೇ ಹೋದದ್ದುಂಟು. ವಿಜಾಪುರಕ್ಕೆ ಪುಸ್ತಕ ತರಲು ಹೋದಾಗ ತಂದೆಯವರು ನನ್ನನ್ನು ಮುಂದೆ ಟಾಕಿಯ ಮೇಲೆ ಕೂಡ್ರಿಸಿಕೊಳ್ಳುತ್ತಿದ್ದರು. ಟಾಕಿಯ ಬೆಚ್ಚಗಿನ ತಗಡಿನೊಳಗೆ ಪೆಟ್ರೋಲು ತುಳುಕುವ ಸಪ್ಪಳವು ಇಂದಿಗೂ ನನ್ನ ಕಿವಿಯಲ್ಲಿದೆ. ಹೊಗೆಯನ್ನಾಡಿದವರೊಡನೆ ನಾನು ಶಾಲೆಯಲ್ಲಿ ಜಗಳವಾಡಿದ್ದೇನೆ. ಆ ಗಾಡಿಯನ್ನು ಹೊಗಳುವುದರಲ್ಲಿ ನಮ್ಮ ಊರಿನಲ್ಲಿ ನನಗೆ ಸರಿಗಟ್ಟುವವರಿದ್ದಿಲ್ಲ.

ಇದೇ ಹೊತ್ತಿಗೆ, ೧೯೮೪ರಿಂದ ೧೯೮೬ರೊಳಗೆ, ಜಪಾನಿನ ಕಂಪನಿಗಳ ನೆರವಿನಿಂದ ನೂರು ಸಿ.ಸಿ.ಯ ಗಾಡಿಗಳು ನಮ್ಮ ದೇಶದಲ್ಲಿ ಒಂದರ ಹಿಂದೊಂದು ಬಂದುವು: ಇಂಡ್-ಸುಜುಕಿ, ಹೀರೋ ಹೋಂಡಾ, ಯಾಮಾಹಾ ಆರ್.ಎಕ್ಸ್., ಕಾವಾಸಾಕಿ ಬಜಾಜ. ಹೀರೋ ಹೋಂಡಾದ ಜಾಹೀರಾತು ಲೀಟರಿಗೆ ಎಂಬತ್ತು ಕಿಲೋಮೀಟರು ಎನ್ನುತ್ತಿತ್ತು. ಯೆಜ್ಡಿಯು ಮೂವತ್ತರ ಆಸುಪಾಸಿನದು. ಮೇಲಾಗಿ ಪೆಟ್ರೋಲಿನಲ್ಲಿ ಎಣ್ಣೆ ಬೆರೆಸಬೇಕು. ಮೈಸೂರಿನವರು ಸುಮ್ಮನೆ ಕುಳಿತಿರಲಿಲ್ಲ. ಸಣ್ಣ ಯಂತ್ರದ ಗಾಡಿಗಳನ್ನೂ ಮಾಡಿ ನೋಡಿದರು. ಆದರೆ ಜನರ ಮನಸ್ಸಿನಲ್ಲಿ ಯೆಜ್ಡಿಯೆಂದರೆ ಆ ದೊಡ್ಡ ಗಾಡಿಯೇ, ಆ ಸಪ್ಪಳವೇ. ಹೆಸರು ಎಷ್ಟು ದೊಡ್ಡದೋ ಅದನ್ನು ಬೇರೆ ಮೈಗೆ ತೊಡಿಸುವುದು ಅಷ್ಟು ಕಷ್ಟ.

ನಾನು ೧೯೯೪ರಲ್ಲಿ ನೌಕರಿಗೆ ಸೇರಿದೆ. ಶಾಲೆಯು ಮನೆಯಿಂದ ಹದಿನೆಂಟು ಕಿಲೋಮೀಟರು. ಮೊದಲನೆಯ ವರ್ಷದ ಪಗಾರದಲ್ಲಿ ಉಳಿಸಿದ್ದಕ್ಕೆ ಸಾಲ ಕೂಡಿಸಿ ಗಾಡಿಯನ್ನು ಕೊಳ್ಳುವುದೆಂದಾಯಿತು. ತಂದೆಯವರು ಒಂದು ಮಾತನ್ನೂ ಆಡಲಿಲ್ಲ. ನನಗೆ ಹೇಳಬೇಕಾದುದೇನೂ ಇಲ್ಲವೆಂದು ಅವರು ನಂಬಿದ್ದರು. ರಾತ್ರಿ ಕಂದೀಲಿನ ಬೆಳಕಿನಲ್ಲಿ ನಾನು ಲೆಕ್ಕ ಹಾಕಿದೆ. ದಿನಕ್ಕೆ ಮೂವತ್ತಾರು ಕಿಲೋಮೀಟರು, ತಿಂಗಳಿಗೆ ಇಪ್ಪತ್ತೈದು ದಿನ: ಒಂಬೈನೂರು. ಯೆಜ್ಡಿಗಾದರೆ ಮೂವತ್ತು ಲೀಟರು. ಇನ್ನೊಂದಕ್ಕಾದರೆ, ಜಾಹೀರಾತಿನ ಮಾತನ್ನು ಪೂರ್ತಿ ನಂಬದಿದ್ದರೂ, ಹದಿನೈದಕ್ಕಿಂತ ಕಡಿಮೆ. ತಂಗಿಯ ಲಗ್ನ ನಿಶ್ಚಯವಾಗಿತ್ತು. ನಾನು ನೂರು ಸಿ.ಸಿ.ಯ ಗಾಡಿಯನ್ನು ತಂದೆ. ಅದು ಸಪ್ಪಳವಿಲ್ಲದೆ ಅಂಗಳಕ್ಕೆ ಬಂದು ನಿಂತಾಗ ತಂದೆಯವರು ಒಳಗಿನಿಂದ ಕೇಳಿದರು: “ಯಾರದು ಬಂದವ್ರು?”

ಅಂದು ಅವರು ಗಾಡಿಗೆ ಕುಂಕುಮ ಹಚ್ಚಿದರು, ಕಾಯಿ ಒಡೆದರು, ಎಲ್ಲವನ್ನೂ ಯಥಾಸಾಂಗವಾಗಿ ಮಾಡಿದರು. ಆದರೆ ಅದರ ಮೇಲೆ ಹತ್ತಿ ನೋಡಲಿಲ್ಲ.

೧೯೯೬ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ಅದೇ ವರ್ಷ ಹೊಗೆಯ ಕುರಿತಾದ ಸರಕಾರದ ನಿಯಮಗಳೂ ಬಿಗಿಯಾಗಿದ್ದುವು. ಸುದ್ದಿಯನ್ನು ನಾನೇ ಮನೆಗೆ ತಂದೆ. ತಂದೆಯವರು ರವಿವಾರದ ರೂಢಿಯಂತೆ ಗಾಡಿಯನ್ನು ಒರೆಸುತ್ತಿದ್ದರು.

“ಮೈಸೂರ ಕಾರಖಾನಿ ಮುಚ್ಚಿತಂತ ಅಪ್ಪಾ.”

ಅವರು ಅರಿವೆಯನ್ನು ಹಿಂಡಿ, ಗಾಡಿಯ ಕಿವಿಯ ಮೇಲೆ ಒಣಹಾಕಿ, ನನ್ನ ಗಾಡಿಯ ಕಡೆಗೊಮ್ಮೆ ನೋಡಿ ಹೇಳಿದರು: “ಮುಚ್ಚಿದವ್ರು ಬರೇ ಮೈಸೂರಾಗ ಇಲ್ಲ ತಮ್ಮಾ.”

ಆ ಮಾತಿಗೆ ನಾನು ಅಂದೂ ಉತ್ತರ ಕೊಡಲಿಲ್ಲ, ಮುಂದೆ ಅವರು ತೀರಿಕೊಳ್ಳುವವರೆಗೂ ಕೊಡಲಿಲ್ಲ. ಆದರೆ ಮಸ್ಟ್ಯಾಂಗಿನ ಲೆಕ್ಕ ಕೇಳಿದ ಹುಡುಗನಿಗೆ ಉತ್ತರ ಕೊಡಬೇಕಲ್ಲ! ಅದಕ್ಕಾಗಿ ಆ ಕಾರಿನ ಇತಿಹಾಸವನ್ನು ನಾಲ್ಕಾರು ರಾತ್ರಿ ಕುಳಿತು ಓದಿದೆ. ಅಂಕಿಗಳಲ್ಲಿ ಇಷ್ಟು ಸ್ವಾರಸ್ಯವಿದ್ದೀತೆಂದು ತಿಳಿದಿದ್ದಿಲ್ಲ.

ಮಸ್ಟ್ಯಾಂಗ್ ಕಾರು ಹೊರಬಂದುದು ೧೯೬೪ನೆಯ ಇಸವಿಯ ಏಪ್ರಿಲ್ ೧೭ರಂದು. ಬೆಲೆ ೨,೩೬೮ ಡಾಲರು; ಆ ದೇಶದ ಸಾಧಾರಣ ಸಂಬಳದವನಿಗೂ ಎಟುಕುವ ಬೆಲೆ. ಒಳಗಿನ ಯಂತ್ರಭಾಗಗಳಲ್ಲಿ ಬಹಳಷ್ಟು ಅದೇ ಕಂಪನಿಯ ಫಾಲ್ಕನ್ ಎಂಬ ಬಡಪಾಯಿ ಕಾರಿನವು, ಮೈಮಾತ್ರ ಚಿಗರಿಯಂಥದು. ಮೊದಲ ಹನ್ನೆರಡು ತಿಂಗಳಲ್ಲಿ ನಾಲ್ಕು ಲಕ್ಷಕ್ಕೂ ಮೇಲೆ ಹೋದುವು. ೧೯೬೬ರ ಮಾದರಿ ೬,೦೭,೫೬೮. ಆಗ ಕಂಪನಿಯು ಅದನ್ನು ತಿದ್ದತೊಡಗಿತು. ೧೯೬೭ರಲ್ಲಿ ದೊಡ್ಡ ಯಂತ್ರವು ಹಿಡಿಸುವಂತೆ ಮೂಗನ್ನು ಅಗಲಮಾಡಿತು: ೪,೭೨,೧೨೧. ಮುಂದೆ ಪ್ರತಿಯೊಂದು ಹೊಸ ರೂಪಕ್ಕೂ ಕಾರು ಉದ್ದವಾಯಿತು, ಭಾರವಾಯಿತು, ಬಲವಾಯಿತು. ೧೯೭೧ರ ಮಸ್ಟ್ಯಾಂಗ್ ಮೊದಲಿನದಕ್ಕಿಂತ ಸುಮಾರು ಎಂಟು ಅಂಗುಲ ಉದ್ದ. ಅದು ಖಪಾದುದು ೧,೪೯,೬೭೮. ಐದು ವರ್ಷಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಗಿರಾಕಿಗಳು ಕರಗಿದರು.

ಇದಕ್ಕೆ ಹೊಸ ರೂಪವೊಂದೇ ಕಾರಣವೆಂದರೆ ಅನ್ಯಾಯವಾದೀತು. ಪ್ರತಿಸ್ಪರ್ಧಿಗಳು ಬಂದರು, ಷೆವರ್ಲೆಯವರ ಕಮಾರೋ ೧೯೬೬ರ ಕೊನೆಗೆ ಕಣಕ್ಕಿಳಿಯಿತು. ಬಲವಾದ ಕಾರುಗಳಿಗೆ ವಿಮೆಯ ಕಂತು ಏರಿತು. ಆದರೆ ಕಾರು ದೊಡ್ಡದಾದುದೇಕೆ? ಹೊಗಳುವವರು ದೊಡ್ಡದನ್ನೇ ಹೊಗಳುತ್ತಿದ್ದರು. ಓಟದ ಕಣದಲ್ಲಿ ಚಪ್ಪಾಳೆ ಬೀಳುತ್ತಿದ್ದುದು ದೊಡ್ಡ ಯಂತ್ರಕ್ಕೆ. ಚಪ್ಪಾಳೆಯ ಸಪ್ಪಳ ಕೇಳುತ್ತದೆ. ಬೆಲೆ ಕೇಳಿ ಸುಮ್ಮನೆ ಅಂಗಡಿಯ ಮೆಟ್ಟಿಲಿಳಿದು ಹೋಗುವವನ ಹೆಜ್ಜೆಯ ಸಪ್ಪಳ ಕೇಳುವುದಿಲ್ಲ.

೧೯೭೩ರ ಶರತ್ಕಾಲದಲ್ಲಿ ಕಂಪನಿಯು ಕಾರನ್ನು ಮತ್ತೆ ಸಣ್ಣದಾಗಿಸಿತು. ಮಸ್ಟ್ಯಾಂಗ್ ಎರಡು ಎಂದು ಅದರ ಹೆಸರು. ಕೆಲವೇ ವಾರಗಳಲ್ಲಿ ಅರಬ ದೇಶಗಳು ಎಣ್ಣೆಯನ್ನು ತಡೆದುವು. ಕಾರಿನ ರಸಿಕರು ಆ ಸಣ್ಣ ಮಸ್ಟ್ಯಾಂಗನ್ನು ಇಂದಿಗೂ ಮೂಗುಮುರಿದೇ ನೋಡುತ್ತಾರೆ. ಅದು ಕುದುರೆಯಲ್ಲ, ಕತ್ತೆಯೆಂಬಂತೆ ಮಾತಾಡುತ್ತಾರೆ. ಆ ಕತ್ತೆಯು ೧೯೭೪ರ ಮಾದರಿಯಾಗಿ ಖಪಾದುದು ೩,೮೫,೯೯೩. ಹೊಗಳುವವರು ಬೈದುದನ್ನು ಕೊಳ್ಳುವವರು ಕೊಂಡರು. ಈ ಒಂದು ಅಂಕಿಯನ್ನು ನಾನು ವಹಿಯಲ್ಲಿ ಎರಡು ಸಲ ಬರೆದುಕೊಂಡೆ.

ಇಂಥದರ ವಿರುದ್ಧ ಉದಾಹರಣೆ ನಮ್ಮ ಸಾಂಗಲಿ ಜಿಲ್ಲೆಯಲ್ಲಿಯೇ ಇದೆಯೆಂಬುದನ್ನು ಇಲ್ಲಿ ಮರೆಯಬಾರದು. ಕಿರ್ಲೋಸ್ಕರವಾಡಿಯನ್ನು ೧೯೧೦ರಲ್ಲಿ ಕಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಅದಕ್ಕೂ ಮೊದಲು ಬೆಳಗಾವಿಯಲ್ಲಿ ಕಬ್ಬಿಣದ ನೇಗಿಲನ್ನು ಮಾಡಿದಾಗ ಅದನ್ನು ಕೊಳ್ಳುವವರಿರಲಿಲ್ಲ; ಕಬ್ಬಿಣವು ಭೂಮಿಗೆ ವಿಷವನ್ನಿಡುವುದೆಂದು ರೈತರು ಅಂಜಿದರು. ಕೊಂಡವರು ಕೊಂಡು ಉತ್ತು ನೋಡಿದ ಮೇಲೆ ಅಂಜಿಕೆ ಹೋಯಿತು. ಅಲ್ಲಿ ಹೊಗಳುವವರೇ ಇದ್ದಿಲ್ಲ, ಇದ್ದವನು ಉಳುವವನೊಬ್ಬ. ಅವನಿಗೆ ಬೇಕಾದುದು ಆಳವಾದ ಸಾಲು, ನೇಗಿಲಿನ ಕೀರ್ತಿಯಲ್ಲ.

ಇನ್ನು ೨೦೨೪ರ ಮಾತಿಗೆ ಬರೋಣ. ಇಲ್ಲಿ ಲೆಕ್ಕ ಇನ್ನೂ ಸೋಜಿಗದ್ದು. ಮಸ್ಟ್ಯಾಂಗಿನ ಹಳೆಯ ವೈರಿಗಳಾದ ಕಮಾರೋ ಮತ್ತು ಡಾಜ್ ಚಾಲೆಂಜರ್ ಕಾರುಗಳ ತಯಾರಿಕೆಯು ೨೦೨೪ರ ಆರಂಭದೊಳಗೇ ನಿಂತುಹೋಗಿತ್ತು. ಎದುರಾಳಿಯಿಲ್ಲದ ಅಖಾಡದಲ್ಲಿ ಪೈಲವಾನನು ಸೋತಂತಾಯಿತು! ಬೆಲೆಯು ಏರಿತ್ತು, ಸಾಲದ ಬಡ್ಡಿಯೂ ಏರಿತ್ತು. ಇವು ಯಾರಿಗೂ ತಿಳಿಯುವ ಮಾತು. ನನಗೆ ಮುಖ್ಯವೆಂದು ತೋರಿದುದು ಬೇರೆ. ಹೊಸ ಕಾರಿನ ಅಡಿಗಟ್ಟು ಬಹುಮಟ್ಟಿಗೆ ೨೦೧೫ರ ಮಾದರಿಯದೇ. ಆ ೨೦೧೫ರ ಮಾದರಿಯು ಬಂದಾಗ ಒಂದೇ ವರ್ಷಕ್ಕೆ ೧,೨೨,೩೪೯ ಜನ ಅದನ್ನು ಕೊಂಡಿದ್ದರು. ಅವರ ಮನೆಯಲ್ಲಿ ಅದಿನ್ನೂ ಗಟ್ಟಿಮುಟ್ಟಾಗಿ ನಿಂತಿರುವಾಗ ಅವರೇಕೆ ಹೊಸದನ್ನು ಕೊಳ್ಳಬೇಕು? ಹೊಸದರಲ್ಲಿ ಗುಂಡಗಿನ ಮುಳ್ಳಿನ ಗಡಿಯಾರಗಳನ್ನು ತೆಗೆದು ಗಾಜಿನ ಪರದೆಗಳನ್ನು ಕೂಡ್ರಿಸಿದರು. ಪರದೆ ಬೇಕೆನ್ನುವ ತರುಣನು ಸ್ಪೋರ್ಟ್ಸ್ ಕಾರನ್ನೇ ಬೇಡುತ್ತಿಲ್ಲ. ಸ್ಪೋರ್ಟ್ಸ್ ಕಾರನ್ನು ಬೇಡುವ ಹಿರಿಯನಿಗೆ ಪರದೆ ಬೇಕಿಲ್ಲ. ಅದೇ ವರ್ಷ ಅದೇ ಕಂಪನಿಯು ಮಸ್ಟ್ಯಾಂಗಿನ ಹೆಸರನ್ನೇ ಇಟ್ಟು ಮಾರುವ ನಾಲ್ಕು ಬಾಗಿಲಿನ, ಎತ್ತರದ, ವಿದ್ಯುತ್ತಿನಿಂದ ಓಡುವ ಮಾಕ್-ಈ ಎಂಬ ಸಂಸಾರವಂದಿಗರ ಗಾಡಿಯು ೫೧,೭೪೫ ಖಪಾಯಿತು. ಅದು ಮಸ್ಟ್ಯಾಂಗೇ ಅಲ್ಲವೆಂದು ರಸಿಕರು ಕೂಗಿದ್ದರು. ನನಗೆ ನಮ್ಮ ಅಂಗಳಕ್ಕೆ ಸಪ್ಪಳವಿಲ್ಲದೆ ಬಂದ ಗಾಡಿಯ ನೆನಪಾಯಿತು.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ನಮ್ಮ ಮನೆಯ ಲೆಕ್ಕದಲ್ಲಿ ಇನ್ನೊಂದು ಸಾಲು ಉಳಿದಿದೆ.

ಜಾವಾ ಎಂಬ ಹೆಸರು ೨೦೧೮ರಲ್ಲಿಯೂ ಯೆಜ್ಡಿ ಎಂಬುದು ೨೦೨೨ರ ಜನವರಿಯಲ್ಲಿಯೂ ಹೊಸ ಒಡೆಯರ ಕೈಯಲ್ಲಿ ಮರಳಿ ಬಂದುವು. ನಾಲ್ಕು ಹೊಡೆತದ ಯಂತ್ರ, ನೀರಿನಿಂದ ತಣಿಸುವ ಏರ್ಪಾಡು, ಮೊದಲಿನಂತೆಯೇ ಎರಡು ನಳಿಗೆಗಳು. ಯೆಜ್ಡಿಯ ಬೆಲೆ ಎರಡು ಲಕ್ಷದ ಸುತ್ತ. ನನ್ನ ಮಗನು ಆಗ ಡಿಪ್ಲೋಮಾ ಮುಗಿಸಿ ಕೆಲಸಕ್ಕೆ ಸೇರಿದ್ದ. ಚಿತ್ರವನ್ನು ತೋರಿಸಿ, “ಅಪ್ಪಾ, ಅರ್ಧ ನಾ ಹಾಕ್ತೀನಿ, ಅರ್ಧ ನೀವು ಹಾಕ್ರಿ,” ಎಂದ. ನಾನು ಚಿತ್ರವನ್ನು ಬಹಳ ಹೊತ್ತು ನೋಡಿದೆ. ಚೆನ್ನಾಗಿದೆಯೆಂದೆ. ಟಾಕಿಯ ಆಕಾರ ಹೀಗಿರಬೇಕಿತ್ತೆಂದೆ, ಸಪ್ಪಳ ಹಾಗಿರಲಿಕ್ಕಿಲ್ಲವೆಂದೆ. ಕೊನೆಗೆ, ಬಾವಿಯ ಮೋಟಾರು ಸುಟ್ಟಿದೆ, ಈ ವರ್ಷ ಬೇಡವೆಂದೆ.

“ಊರ ತುಂಬ ಯೆಜ್ಡಿ ಯೆಜ್ಡಿ ಅಂತ ಹೇಳಾವ್ರು ನೀವಽ ಅಲ್ರೀ ಅಪ್ಪಾ?”

ಅದು ಸತ್ಯವೇ. ಬಾವಿಯ ಮೋಟಾರು ಸುಟ್ಟಿದ್ದೂ ಸತ್ಯ. ಆದರೆ ಮೋಟಾರು ಸುಡದಿದ್ದರೆ ಕೊಡಿಸುತ್ತಿದ್ದೆನೆ ಎಂದು ನನ್ನನ್ನೇ ಕೇಳಿಕೊಂಡಾಗ ಇಲ್ಲವೆಂಬ ಉತ್ತರವೇ ಬಂದಿತು. ನಾನು ಪ್ರೀತಿಸಿದ್ದು ಯೆಜ್ಡಿಯೆಂಬ ಮಾದರಿಯನ್ನಲ್ಲ. ಟಾಕಿಯ ಮೇಲೆ ಕುಳಿತಾಗ ಬೆನ್ನಿಗೆ ತಾಗುತ್ತಿದ್ದ ತಂದೆಯವರ ಎದೆಯನ್ನು, ವಿಜಾಪುರದ ಹಾದಿಯ ಗಾಳಿಯನ್ನು. ಅದನ್ನು ಯಾವ ಕಾರ್ಖಾನೆಯೂ ಎರಡನೆಯ ಸಲ ತಯಾರಿಸಿ ಕೊಡಲಾರದು. ಮುಖವನ್ನು ಎಷ್ಟು ಹೋಲುವಂತೆ ಬರೆದರೂ ನಾನು ಹೋಲದುದನ್ನೇ ಹುಡುಕುತ್ತೇನೆ. ನನ್ನಂಥ ಗಿರಾಕಿಯನ್ನು ನಂಬಿದ ಕಂಪನಿಯ ಗತಿಯೇನು?

ಮಗನು ಹಟ ಮಾಡಲಿಲ್ಲ. “ಹಂಗಾದ್ರ ಅಜ್ಜನ ಗಾಡೀನಽ ನನಗ ಕೊಡ್ರಿ,” ಎಂದ. ಇಬ್ಬರೂ ತಾಡಪತ್ರಿ ಸರಿಸಿ, ಅದನ್ನು ಟೆಂಪೋದಲ್ಲಿ ಹಾಕಿ ಜತ್ತದ ಮಿಸ್ತ್ರಿಯ ಹತ್ತಿರ ಒಯ್ದೆವು. ಎಪ್ಪತ್ತು ದಾಟಿದ ಮನುಷ್ಯ. ತಂದೆಯವರ ಕಾಲದಿಂದ ಇದೇ ಗಾಡಿಗಳನ್ನು ಬಿಚ್ಚಿ ಕೂಡಿಸಿದ ಕೈ. ಟಾಕಿಯ ಮುಚ್ಚಳ ತೆಗೆದು ಮೂಸಿ ನೋಡಿ, “ಮಾಸ್ತರ್ರ ಗಾಡಿ,” ಎಂದ, ನನ್ನನ್ನು ಕುರಿತಲ್ಲ. ಎರಡು ತಿಂಗಳು ಹಿಡಿಯಿತು. ಖರ್ಚು ಹೊಸ ಗಾಡಿಯ ಬೆಲೆಯ ಆರನೆಯ ಒಂದು ಪಾಲು. ಅಲ್ಲಿಗೆ ಹೊಸ ಯೆಜ್ಡಿಯ ಗಿರಾಕಿಯೊಬ್ಬನನ್ನು ಹಳೆಯ ಯೆಜ್ಡಿಯೇ ಕಸಿದುಕೊಂಡಿತು. ಗಟ್ಟಿಯಾದ ಮಾಲನ್ನು ಮಾಡಿದವನಿಗೆ ಮುಂದೊಂದು ದಿನ ಅವನದೇ ಮಾಲು ಎದುರು ನಿಲ್ಲುತ್ತದೆಂಬುದನ್ನು ಅಂದು ಕಣ್ಣಾರೆ ಕಂಡೆ. ಈಗ ಮಗನು ಹಬ್ಬಕ್ಕೆ ಊರಿಗೆ ಬಂದಾಗ ಅದನ್ನು ಹೊರಗೆ ತೆಗೆಯುತ್ತಾನೆ. ಉಳಿದ ದಿನ ಅದು ತಾಡಪತ್ರಿಯಡಿ. ದಿನಾಲು ಕೆಲಸಕ್ಕೆ ಅವನು ಹೋಗುವುದು ಬೇರೆಯವರ, ಹೆಚ್ಚು ಮೈಲೇಜಿನ ಗಾಡಿಯ ಮೇಲೆ.

ಇವನ್ನೆಲ್ಲ ಒಂದು ವಾರದ ಮೇಲೆ ವರ್ಗದಲ್ಲಿ ಹೇಳಿದೆ. ತಂದೆಯವರ ಮಾತನ್ನು ಮಾತ್ರ ಹೇಳಲಿಲ್ಲ. ೬,೦೭,೫೬೮ರಿಂದ ೧,೪೯,೬೭೮ಕ್ಕೆ ಇಳಿತ ಶೇಕಡಾ ಎಷ್ಟೆಂದು ಕೇಳಿದಾಗ ಇಡೀ ವರ್ಗ ತಲೆ ಬಗ್ಗಿಸಿ ಭಾಗಾಕಾರಕ್ಕೆ ತೊಡಗಿತು. ಕುರ್ಚಿಯ ವ್ಯಾಪಾರಿಗೆ ಇಂಥ ಮರ್ಯಾದೆ ಎಂದೂ ಸಿಕ್ಕಿದ್ದಿಲ್ಲ. ಹಿಂದಿನ ಸಾಲಿನ ಆ ಹುಡುಗ ಭಾಗಿಸುವುದನ್ನು ಬಿಟ್ಟು ಮತ್ತೆ ಎದ್ದು ನಿಂತ.

“ಸರ, ಹೊಗಳಾವ್ರೊಳಗ ಕೊಳ್ಳಾವ್ರು ಶೇಕಡಾ ಎಷ್ಟಂತ ಹಿಡೀಬೇಕ್ರಿ?”

ಅಮೇರಿಕೆಯ ಲೆಕ್ಕ ನನಗೆ ಗೊತ್ತಿಲ್ಲವೆಂದೆ. ನಮ್ಮ ಮನೆಯಲ್ಲಿ ಮೂರು ತಲೆಮಾರಿನ ಮೂವರು ಹೊಗಳಿದರು, ಕೊಂಡವರು ಒಬ್ಬರು ಎಂದೆ. ಅವನು ಕುಳಿತು ವಹಿಯಲ್ಲಿ ಬರೆದುಕೊಂಡ: ೩೩ ಪೂರ್ಣಾಂಕ, ಮೂರರಲ್ಲಿ ಒಂದು.